ಸ್ಟೀರಾಯ್ಡ್ ಮೇಲೆ ನಡೆಯುವ ಜಿಲ್ಲೆ

ಕಾಸರಗೋಡಿನಲ್ಲಿ ಹೊಟ್ಟೆಗೆ ಬರುವ ಕಾಯಿಲೆ ಒಂದೇ, ಗ್ಯಾಸ್. ದಿನಕ್ಕೆ ಹತ್ತು ಸಲ ಕಕ್ಕಸಿಗೆ ಓಡಿದರೂ ಗ್ಯಾಸ್. ರಕ್ತ ಹೋದರೆ ಅದು ಉಷ್ಣ. ತೂಕ ಇಳಿದರೆ ಯೋಚನೆ ಜಾಸ್ತಿ. ಇದ್ಯಾವುದಕ್ಕೂ ಸೇರದ ಕಾಯಿಲೆ ಬಂದರೆ ಯಾರದ್ದೋ ಕಣ್ಣು ತಾಗಿದೆ ಎಂದು ಲೆಕ್ಕ.

ನಮ್ಮ ಪೆರ್ಲ ಕಡೆಯ ಒಬ್ಬ ನಿವೃತ್ತ ಮಾಷ್ಟ್ರಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ ಎಂದು ಮಂಗಳೂರಿನಲ್ಲಿ ಗೊತ್ತಾಯಿತು. ಕೊಲೊನೋಸ್ಕೋಪಿ ಮಾಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ ಡಾಕ್ಟರ್ ಹೇಳಿದ್ದು ಇಷ್ಟು: ದೊಡ್ಡ ಕರುಳಿನ ಒಳಪದರ ಊದಿಕೊಂಡು ಹುಣ್ಣಾಗಿದೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಅಲ್ಲಿ ಕೆರಳಿ ಕೂತಿದೆ. ಕ್ರೋನ್ಸ್ ಎಂಬುದು ಇದರ ದಾಯಾದಿ, ಅದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಎರಡನ್ನೂ ಔಷಧಿಯಿಂದ ಪೂರ್ತಿ ಕಿತ್ತು ಹಾಕಲು ಆಗುವುದಿಲ್ಲ. ಆದರೆ ವರ್ಷಗಟ್ಟಲೆ ಸುಮ್ಮನೆ ಕೂರಿಸಬಹುದು.

ಸುಮ್ಮನೆ ಕೂರಿಸುವುದು ಊರಿಗೆ ಹಿಡಿಸಲಿಲ್ಲ. ಊರಿಗೆ ಬೇಕಾದ್ದು ಗುಣ, ಅದೂ ಮುಂದಿನ ಭೂತಕೋಲದ ಒಳಗೆ. ಒಬ್ಬರು ದಾಳಿಂಬೆ ಸಿಪ್ಪೆಯ ತಂಬುಳಿ ಅಂದರು. ಇನ್ನೊಬ್ಬರು ಕೊಡಸಿಗೆ ಚಿಗುರು. ಮೂರನೆಯವರು, “ಅದೆಲ್ಲ ಬಿಡಿ ಮಾರ್ರೆ, ಕೂವೆ ಹಿಟ್ಟು ಕಾಯಿಸಿ ಕುಡಿಯಿರಿ” ಎಂದರು. ಯಾರೂ ಫೀಸು ಕೇಳಲಿಲ್ಲ. ಕಾಯಿಲೆ ಏನು ಎಂದೂ ಕೇಳಲಿಲ್ಲ.

ಮಾಷ್ಟ್ರ ಭಾವನದ್ದು ಬೇರೆಯೇ ಚಿಂತೆ. “ಡಾಕ್ಟರ್ ಕೊಟ್ಟ ಆ ಮೆಸಲಮೈನ್ ಮಾತ್ರೆ ಭಾರೀ ಉಷ್ಣ ಅಂತೆ. ದಿನಾ ತಿಂದರೆ ಅಭ್ಯಾಸವಾಗಿ ಹೋಗ್ತದೆ ಭಾವ, ಜಾಗ್ರತೆ.” ಹೀಗೆ ಹೇಳುವಾಗ ಅವರ ಅಂಗಿಯ ಕಿಸೆಯಲ್ಲಿ ಡೈಕ್ಲೋಫೆನಾಕ್ ಪಟ್ಟಿ ಇತ್ತು. ಅಡಿಕೆ ಕೊಯ್ಲಿನ ಸೊಂಟನೋವಿಗೆ ಅವರು ಅದನ್ನು ಶೇಂಗಾದ ಹಾಗೆ ತಿನ್ನುತ್ತಾರೆ, ಚೀಟಿ ಇಲ್ಲ, ಲೆಕ್ಕ ಇಲ್ಲ. ಮಾಷ್ಟ್ರಿಗೆ ಮಂಡಿನೋವು ಎಂದು ಕೇಳಿ ಪ್ರೀತಿಯಿಂದ ಒಂದನ್ನು ಮುರಿದೂ ಕೊಟ್ಟರು. ಕರುಳಿಗೆ ಬೇಕಾದ ಮಾತ್ರೆ ಅಪಾಯ, ಕರುಳನ್ನು ಕೆರಳಿಸಬಲ್ಲ ಮಾತ್ರೆ ಉಪಚಾರ. ಡೈಕ್ಲೋಫೆನಾಕ್, ಐಬುಪ್ರೊಫೇನ್ ತರದ ನೋವಿನ ಮಾತ್ರೆಗಳು ಕೂಡ ಊತ ಇಳಿಸುವುದಕ್ಕೇ ಇರುವುದು. ಆದರೆ ಇಳಿಸುವುದು ಮಂಡಿಯ ಊತ. ಕರುಳಿನ ಕಾಯಿಲೆ ಇರುವವರಲ್ಲಿ ಅವೇ ಮತ್ತೆ ರಕ್ತ ಭೇದಿ ಹಚ್ಚಬಹುದು. ಅದಕ್ಕೇ ಡಾಕ್ಟರ್ ಮೊದಲ ದಿನವೇ ಬೇಡ ಅಂದಿದ್ದರು. ಡಾಕ್ಟರ್ ಇರುವುದು ಮಂಗಳೂರಿನಲ್ಲಿ, ಭಾವ ಇರುವುದು ಪಕ್ಕದ ಮನೆಯಲ್ಲಿ.

ಇನ್ನು ಔಷಧಿಯ ಕತೆ. ಇದರಲ್ಲಿ ಎರಡು ಜಾತಿ ಉಂಟು, ನನ್ನ ತಕರಾರಿಗೆ ಎರಡೂ ಬೇಕು.

ಒಂದು, ಸ್ಟೀರಾಯ್ಡ್. ಟ್ರೂಲವ್ ಮತ್ತು ವಿಟ್ಸ್ ಎಂಬ ಇಂಗ್ಲೆಂಡಿನ ವೈದ್ಯರು ಕಾರ್ಟಿಸೋನ್ ಕೊಟ್ಟು ನೋಡಿ, 1955ರಲ್ಲಿ ಪೂರ್ತಿ ವರದಿ ಪ್ರಕಟಿಸಿದರು. ಕೆರಳಿದ ಕರುಳು ಕೆಲವೇ ವಾರಗಳಲ್ಲಿ ತಣ್ಣಗಾಗುತ್ತದೆ ಎಂದು ಆಗ ಖಾತ್ರಿಯಾಯಿತು. ಈಗ ಹೆಚ್ಚಾಗಿ ಕೊಡುವುದು ಪ್ರೆಡ್ನಿಸೊಲೋನ್. ಅದು ನಿಜಕ್ಕೂ ಜೀವ ಉಳಿಸುವ ಔಷಧಿ, ತಮಾಷೆ ಅಲ್ಲ. ಆದರೆ ಮುಖ ಚಂದ್ರನಂತೆ ಉರುಟಾಗುತ್ತದೆ. ಹಸಿವು ಏರುತ್ತದೆ, ಸಕ್ಕರೆ ಏರುತ್ತದೆ, ನಿದ್ದೆ ಹೋಗುತ್ತದೆ, ತುಂಬಾ ದಿನ ತಿಂದರೆ ಮೂಳೆ ಸವೆಯುತ್ತದೆ. ಒಮ್ಮೆಗೇ ನಿಲ್ಲಿಸುವ ಹಾಗೂ ಇಲ್ಲ, ಮೆಲ್ಲಮೆಲ್ಲನೆ ಇಳಿಸಬೇಕು. ಮುಖ್ಯ ಸಂಗತಿ ಏನೆಂದರೆ, ಸ್ಟೀರಾಯ್ಡ್ ಕಾಯಿಲೆಯನ್ನು ಇಳಿಸುತ್ತದೆ, ಇಳಿದದ್ದನ್ನು ಹಾಗೇ ಹಿಡಿದಿಡುವುದಿಲ್ಲ.

ಹಿಡಿದಿಡುವ ಕೆಲಸ ಎರಡನೆಯ ಜಾತಿಯದ್ದು. 1940ರ ಆಸುಪಾಸಿನಲ್ಲಿ ಸ್ಟಾಕ್‌ಹೋಮಿನ ನಾನ್ನಾ ಸ್ವಾರ್ಟ್ಸ್ ಎಂಬ ವೈದ್ಯೆ ಕೀಲುನೋವಿನ ಕಾಯಿಲೆಗೆಂದು ಸಲ್ಫಾಸಲಜೀನ್ ಮಾಡಿಸಿದರು. ಅದರಿಂದ ಕೊಲೈಟಿಸ್ ಇದ್ದವರ ಕರುಳು ಸುಧಾರಿಸಿತು. ಅದರೊಳಗಿನ ಯಾವ ಭಾಗ ಈ ಕೆಲಸ ಮಾಡುತ್ತದೆ ಎಂದು 1977ರಲ್ಲಿ ತೋರಿಸಿದವರಲ್ಲಿ ಆಜಾದ್ ಖಾನ್ ಎಂಬ ಬಾಂಗ್ಲಾದೇಶದ ವೈದ್ಯರೂ ಇದ್ದರು, ಅದೇ ಟ್ರೂಲವ್ ಜೊತೆಗೆ. ಆ ಭಾಗವೇ ಈಗಿನ ಮೆಸಲಮೈನ್. ಮಾತ್ರೆಯ ಮೇಲೆ ಒಂದು ಲೇಪ ಇರುತ್ತದೆ. ಅದು ಹೊಟ್ಟೆಯಲ್ಲಿ ಕರಗದೆ ಕೆಳಗೆ ಕರುಳಿಗೆ ಹೋದ ಮೇಲೆ ಬಿಡುತ್ತದೆ. ನುಂಗಲು ಕಷ್ಟ ಎಂದು ಕುಟ್ಟಿ ಪುಡಿ ಮಾಡಿದರೆ ದುಡ್ಡು ದಂಡ. ಕಾಯಿಲೆ ಗುದದ ಹತ್ತಿರ ಮಾತ್ರ ಇದ್ದರೆ ನುಂಗುವ ಮಾತ್ರೆಗಿಂತ ಕೆಳಗಿನಿಂದ ಇಡುವ ಮಾತ್ರೆ, ಎನಿಮಾಗಳೇ ಹೆಚ್ಚು ಕೆಲಸ ಮಾಡುತ್ತವೆ. ಇದನ್ನು ಕೇಳಿದ ಭಾವ ಒಂದು ವಾರ ಮಾಷ್ಟ್ರ ಮನೆ ಕಡೆ ಸುಳಿಯಲಿಲ್ಲ.

ಮೆಸಲಮೈನಿಗೆ ಕೊಲೈಟಿಸ್‌ನಲ್ಲಿ ಇರುವ ಶಕ್ತಿ ಕ್ರೋನ್ಸ್‌ನಲ್ಲಿ ಇಲ್ಲ. ಅಲ್ಲಿ, ಮತ್ತೆ ಕೊಲೈಟಿಸ್ ಹಟ ಹಿಡಿದಾಗ, ಅಜಥಿಯೊಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಿಗಳ ಮೇಲಿನ ಮೆಟ್ಟಿಲುಗಳಿವೆ. ಅವುಗಳಿಗೆ ರಕ್ತಪರೀಕ್ಷೆ, ಟಿಬಿ ಇದೆಯಾ ಎಂಬ ಪರೀಕ್ಷೆ, ಖರ್ಚು ಎಲ್ಲ ಬೇರೆ. ಮಾಷ್ಟ್ರಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ.

ಈ ಹಿಡಿದಿಡುವ ಔಷಧಿಯ ದೊಡ್ಡ ದೋಷ ಅಂದರೆ ಅದನ್ನು ಆರಾಮ ಇದ್ದಾಗಲೂ ತಿನ್ನಬೇಕು. ಏನೂ ಇಲ್ಲದಾಗ ಏನಕ್ಕೆ ತಿನ್ನುವುದು? ಅದು ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ ಏನೂ ಆಗದೇ ಇರುವುದು. ಏನೂ ಆಗದೇ ಇರುವುದಕ್ಕೆ ಫ್ಲೆಕ್ಸ್ ಹಾಕಲು ಬರುವುದಿಲ್ಲ. ರಿಬ್ಬನ್ ಕತ್ತರಿಸಲು ಬರುವುದಿಲ್ಲ.

ಇಲ್ಲಿಗೆ ನಮ್ಮ ಕೇರಳ ಸರಕಾರ ಬಂತು. ಯಾವ ಪಕ್ಷದ್ದು ಎಂದು ಕೇಳಬೇಡಿ, ಈ ವಿಷಯದಲ್ಲಿ ಎಲ್ಲರೂ ಒಂದೇ ಚೀಟಿ ಬರೆಯುವ ಡಾಕ್ಟರುಗಳು. ಬದಿಯಡ್ಕದ ಆಚೆ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಉಮ್ಮನ್ ಚಾಂಡಿ ಶಿಲಾನ್ಯಾಸ ಮಾಡಿದರು. ಮೊದಲ ಡೋಸ್. ಜಿಲ್ಲೆಯ ಮುಖ ಉರುಟಾಯಿತು, ಹಸಿವು ಏರಿತು. ಆಮೇಲೆ ಡೋಸ್ ಇಳಿಯಿತು, ಗೋಡೆ ಏಳಲಿಲ್ಲ. ಚುನಾವಣೆ ಬಂತು, ಮತ್ತೊಂದು ಡೋಸ್. ಗೋಡೆ ಸ್ವಲ್ಪ ಎದ್ದಿತು. ಹೀಗೆ ವರ್ಷಗಳು ಹೋದವು.

2020ರಲ್ಲಿ ಕೋವಿಡ್ ಬಂದಾಗ ಕರ್ನಾಟಕ ತಲಪಾಡಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರು ನಮಗೆ ಹೆಚ್ಚೆಂದರೆ ಐವತ್ತು ಕಿಲೋಮೀಟರ್, ತಿರುವನಂತಪುರ ಐನೂರು ದಾಟುತ್ತದೆ. ಅಲ್ಲಿಯವರೆಗೆ ನಮ್ಮ ಜಿಲ್ಲಾ ಆಸ್ಪತ್ರೆ ಎಂದರೆ ಮಂಗಳೂರೇ ಎಂದು ಎರಡೂ ಸರಕಾರಗಳು ಸುಮ್ನೆ ಒಪ್ಪಿಕೊಂಡಂತಿತ್ತು. ಆಂಬುಲೆನ್ಸ್ ವಾಪಸು ಕಳಿಸಿದ ಮೇಲೆ ಕೆಲವರು ಜೀವ ಬಿಟ್ಟರು, ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ವಿಷಯ ಹೋಯಿತು. ಆಗ ನೋಡಿ ಪವಾಡ. ಆರೂವರೆ ವರ್ಷ ಆಗದ ಉಕ್ಕಿನಡ್ಕದ ಕಟ್ಟಡ ಕೆಲವೇ ದಿನಗಳಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ತಿರುವನಂತಪುರದಿಂದ ಡಾಕ್ಟರುಗಳ ತಂಡ ಬಂತು. ಹೈ ಡೋಸ್ ಇಂಜೆಕ್ಷನ್ ಅಂದರೆ ಇದು. ಕೋವಿಡ್ ಇಳಿಯಿತು, ಡೋಸೂ ಇಳಿಯಿತು. 2022ರ ಸುರುವಿಗೆ ಒ.ಪಿ., ಅಂದರೆ ಹೊರರೋಗಿ ವಿಭಾಗ, ತೆರೆಯಿತು. 2025ರಲ್ಲಿ ಐವತ್ತು ಎಂಬಿಬಿಎಸ್ ಸೀಟಿಗೆ ಒಪ್ಪಿಗೆ ಸಿಕ್ಕಿತು, ಅಂದರೆ ಕಲ್ಲು ಹಾಕಿ ಹನ್ನೆರಡು ವರ್ಷಕ್ಕೆ. ಕಲ್ಲು ಹಾಕಿದ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ಅಲ್ಲಿಯೇ ಡಾಕ್ಟರ್ ಓದಬಹುದು ಎಂಬ ದೂರದೃಷ್ಟಿ ಇದ್ದಿರಬೇಕು.

ಹಾಗಂತ ಈ ಜಿಲ್ಲೆಗೆ ಏನನ್ನೂ ತಪ್ಪದೆ ಕೊಡಲಿಲ್ಲ ಎಂದರೆ ಅನ್ಯಾಯವಾದೀತು. ಸರಕಾರಿ ನಿಗಮದ ಗೇರು ತೋಟಗಳ ಮೇಲೆ 2000ದವರೆಗೆ, ಎರಡು ದಶಕಕ್ಕೂ ಜಾಸ್ತಿ ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಹೆಲಿಕಾಪ್ಟರಿಗೆ ಗಡಿ ಸಮಸ್ಯೆ ಇರಲಿಲ್ಲ. ಹುದ್ದೆ ಖಾಲಿ ಇರಲಿಲ್ಲ. ದೀರ್ಘಕಾಲದ ಡೋಸ್ ಅಂತ ನಮಗೆ ಸಿಕ್ಕಿದ್ದು ಅದೊಂದೇ. ಆಮೇಲೆ ಅದರ ಸಂತ್ರಸ್ತರಿಗೆ ಚಿಕಿತ್ಸೆ ಬೇಕು, ಕೇಂದ್ರದ ದೊಡ್ಡ ಆಸ್ಪತ್ರೆಯಾದ ಏಮ್ಸ್‌ಗೆ ಸೂಚಿಸುವ ಊರುಗಳ ಪಟ್ಟಿಯಲ್ಲಿ ಕಾಸರಗೋಡೂ ಇರಲಿ ಎಂದು ಕೇಳಲು 2022ರಲ್ಲಿ ದಯಾಬಾಯಿ ಎಂಬ ಹಿರಿಯ ಸಮಾಜಸೇವಕಿ ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಉಪವಾಸ ಕೂರಬೇಕಾಯಿತು.

ಮಾಷ್ಟ್ರು ಈಗಲೂ ಮಂಗಳೂರಿಗೇ ಹೋಗುತ್ತಾರೆ. ಬಸ್ಸಿನಲ್ಲಿ ಹೋಗುವಾಗ ದಾರಿಯ ಕಕ್ಕಸುಗಳ ನಕ್ಷೆ ಅವರಿಗೆ ಬಾಯಿಪಾಠ. ಆರು ಪಥದ ಹೆದ್ದಾರಿ ಬಂದ ಮೇಲೆ ಬಸ್ಸು ಬೇಗ ಹೋಗುತ್ತದೆ, ನಿಜ. ಆದರೆ ಕೊಲೈಟಿಸ್ ಕೆರಳಿದವನಿಗೆ ವೇಗ ಅಲ್ಲ, ನಿಲ್ಲಿಸುವ ಜಾಗ ಮುಖ್ಯ. ಹೆದ್ದಾರಿಯ ಬದಿಗೆ ಅಷ್ಟೆತ್ತರದ ಗೋಡೆ ಕಟ್ಟಿದವರಿಗೆ ನಾಲ್ಕು ಗೋಡೆಯ ಒಂದು ಸಣ್ಣ ಕೋಣೆ ಯಾಕೋ ಹೊಳೆಯಲಿಲ್ಲ. ವಾಪಸು ಬಂದ ಮೇಲೆ ಸಹಾಯಧನದ ಅರ್ಜಿ. ಡಾಕ್ಟರ ವರದಿ ಇಂಗ್ಲಿಷಿನಲ್ಲಿ, ಅರ್ಜಿ ಮಲಯಾಳದಲ್ಲಿ, ಮೂವತ್ತು ವರ್ಷ ಕನ್ನಡ ಕಲಿಸಿದ ಮಾಷ್ಟ್ರು ಅರ್ಜಿ ತುಂಬಿಸಲು ತಮ್ಮ ಹಳೇ ವಿದ್ಯಾರ್ಥಿಯನ್ನು ಹುಡುಕಬೇಕು. ‘ಎಷ್ಟು ದಿನದ ಕಾಯಿಲೆ’ ಎಂಬ ಕಡೆ ಅವರು ‘ಜೀವನಪೂರ್ತಿ’ ಎಂದು ಬರೆಸಿದರು. ಕಚೇರಿಯವರು ತಿದ್ದಿ ತರಲು ಹೇಳಿದರು. ಕೊನೆಯ ತಾರೀಕು ಬೇಕಂತೆ.

ಹೋದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಮಾಷ್ಟ್ರ ಅಂಗಳಕ್ಕೂ ಬಂದರು. ಕೈ ಮುಗಿದು, ಗೆದ್ದರೆ ಇನ್ನೊಂದು ದೊಡ್ಡ ಆಸ್ಪತ್ರೆ ತರುತ್ತೇನೆ ಅಂದರು. ಮಾಷ್ಟ್ರು ಅವರನ್ನು ಕೂರಿಸಿ ಪುನರ್ಪುಳಿ ಶರಬತ್ತು ಕೊಟ್ಟರು.

“ಆಸ್ಪತ್ರೆ ಬೇಡ ಸ್ವಾಮೀ, ಒಂದು ಉಂಟಲ್ಲ. ಅದರಲ್ಲಿ ಉದ್ಘಾಟನೆಯ ಮಾರನೇ ದಿನ ಯಾರಿರುತ್ತಾರೆ ಹೇಳಿ. ಹೊಟ್ಟೆಯ ಡಾಕ್ಟರ್ ವಾರಕ್ಕೆ ಯಾವ ದಿನ? ಔಷಧಿ ಅಂಗಡಿಯಲ್ಲಿ ಮೆಸಲಮೈನ್ ತಿಂಗಳು ತಿಂಗಳು ಸಿಗ್ತದಾ?”

ಅಭ್ಯರ್ಥಿ ತುಂಬಾ ಒಳ್ಳೆಯ ಸಲಹೆ ಎಂದು ಮೆಚ್ಚಿಕೊಂಡು, ಹಿಂದೆ ನಿಂತವನಿಗೆ ಬರೆದುಕೊಳ್ಳಲು ಹೇಳಿದರು. ಅವನ ಕೈಯಲ್ಲಿ ಇದ್ದದ್ದು ಕರಪತ್ರದ ಕಟ್ಟು ಮಾತ್ರ. ಮಾಷ್ಟ್ರು ತಮ್ಮ ಕಿಸೆಯ ಪೆನ್ನು ಕೊಟ್ಟರು. ಅವನು ಕರಪತ್ರದ ಹಿಂಭಾಗದಲ್ಲಿ ಏನೋ ಬರೆದ, ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡ. ಆಮೇಲೆ ಅದೇ ಕರಪತ್ರವನ್ನು ಪಕ್ಕದ ಮನೆಯ ಭಾವನಿಗೆ ಕೊಟ್ಟು ಮುಂದೆ ಹೋದ.