ಮಾಡಿಲ್ಲದ ಮಾಡರ್ನ್ ಮನೆ

ಮರವಂತೆ ಕಡೆಯ ನಮ್ಮ ಹಂಚಿನ ಮನೆ ಕೆಡವಿ ಹೊಸದು ಕಟ್ಟಿಸುವಾಗ ಆರ್ಕಿಟೆಕ್ಟ್ ಹುಡುಗನಿಗೆ ನಾನು ಹೇಳಿದ್ದು ಒಂದೇ ಮಾತು: "ಸೋಫಾದಲ್ಲಿ ಕೂತರೆ ಕಡಲು ಕಾಣಬೇಕು." ಕಾಣಿಸಿದ. ಪಡುವಣಕ್ಕೆ ನೆಲದಿಂದ ತಾರಸಿವರೆಗೆ ಗಾಜು, ಬೆಂಕಿಪೆಟ್ಟಿಗೆಯಂಥ ಚಪ್ಪಟೆ ತಲೆ, ಸೂರು ಒಂದಿಂಚೂ ಇಲ್ಲ. ಗೃಹಪ್ರವೇಶದ ದಿನ ಅಮ್ಮ ಒಂದು ಸುತ್ತು ಬಂದು, "ಮಗಾ, ಮನಿಗೆ ಮಾಡೇ ಇಲ್ಯಲಾ!" ಅಂದರು. ಮಾಡು ಅಂದರೆ ನಮ್ಮ ಕಡೆ ಇಳಿಜಾರು ಛಾವಣಿ. "ಇದು ಮಾಡರ್ನ್ ಅಮ್ಮ" ಅಂದೆ.

ಕಡಲಿನಿಂದ ಇಷ್ಟು ದೂರ ಬಿಡಬೇಕೆಂದು ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮ. ಅಳೆದೇ ಬಿಟ್ಟೆವು. ಆ ಆದೇಶದ ಪ್ರತಿ ಉಪ್ಪಿಗೆ ತಲುಪಿರಲಿಲ್ಲ ಅಂತ ಕಾಣುತ್ತದೆ.

ಮೊದಲು ಕೈಕೊಟ್ಟದ್ದು ಬಾಲ್ಕನಿಯ ರೇಲಿಂಗ್. ಫಳಫಳ ಹೊಳೆಯುತ್ತಿದ್ದ ಸ್ಟೀಲಿನ ಮೇಲೆ ಎರಡನೇ ತಿಂಗಳಿಗೆ ಚಹಾ ಚೆಲ್ಲಿದಂಥ ಕಲೆ. ಅಲ್ಲಿ ಕೂತು ಚಹಾ ಕುಡಿಯುವವಳು ಮಗಳೊಬ್ಬಳೇ. ಬೈದೆ. ಅವಳು ಅತ್ತಳು, ಚಹಾ ಬಿಟ್ಟಳು, ಕಲೆ ಮಾತ್ರ ಹಬ್ಬುತ್ತಲೇ ಹೋಯಿತು. ಕಡೆಗೆ ವೆಲ್ಡಿಂಗ್‌ನವನು ಉಗುರಿನಲ್ಲಿ ಕೆರೆದು ನೋಡಿ, "ಚಹಾ ಅಲ್ಲ ಸಾರ್, ತುಕ್ಕು. ನಿಮ್ಮದು 304 ಸ್ಟೀಲು. ಕಡಲ ಬದಿಗೆ 316 ಹಾಕ್ಬೇಕು, ಅದರಲ್ಲಿ ತುಕ್ಕು ತಡೆಯೋ ಮಾಲಿಬ್ಡಿನಂ ಇರ್ತದೆ" ಎಂದ. ಇಂಜಿನಿಯರುಗಳೂ ಆ ಕಲೆಗೆ 'ಟೀ ಸ್ಟೇನಿಂಗ್' ಅಂತಲೇ ಕರೆಯುತ್ತಾರೆ. ಮಗಳು ಅದನ್ನು ಮೊಬೈಲಿನಲ್ಲಿ ಹುಡುಕಿ ತೆಗೆದು, ನನ್ನ ಮೂಗಿನ ಮುಂದೆ ಹಿಡಿದು ನಿಂತವಳು ಬೇಗ ಕದಲಲಿಲ್ಲ.

ಗಾಜಿನದು ಇನ್ನೊಂದು ಕತೆ. ಒರೆಸಿದ ಮೂರನೇ ದಿನಕ್ಕೆ ಉಪ್ಪಿನ ಪೊರೆ ಕಟ್ಟಿ ಕಡಲು ನೀರುಮಜ್ಜಿಗೆಯಾಗುತ್ತದೆ. ಮಧ್ಯಾಹ್ನದ ಬಿಸಿಲು ನೇರ ಸೋಫಾಕ್ಕೆ. ಅಲ್ಲಿ ಹಪ್ಪಳ ಚೆನ್ನಾಗಿ ಒಣಗುತ್ತದೆ, ಮನುಷ್ಯರೂ. ಹಾಗಾಗಿ ಕರ್ಟನ್ ಎಳೆದೇ ಇರುತ್ತದೆ. ಕಡಲು ನೋಡಬೇಕೆನಿಸಿದರೆ ಚಪ್ಪಲಿ ಮೆಟ್ಟಿ ಬೀಚಿಗೆ ಹೋಗುತ್ತೇವೆ.

ಜೂನ್ ಬಂತು. ನಮ್ಮಲ್ಲಿ ಮಳೆ ಮೇಲಿಂದ ಬೀಳುವುದಲ್ಲ, ಪಡುಗಾಳಿಯ ಜತೆ ಅಡ್ಡಡ್ಡ ಬರುವುದು. ಜಾರುಬಾಗಿಲ ಟ್ರ್ಯಾಕಿನಲ್ಲಿ ನೀರು ಹೊರಹೋಗುವ ತೂತುಗಳಿಗೆ ಮರಳು ಕಟ್ಟಿ, ಹಾಲಿನೊಳಗೆ ತೋಡು ಹರಿಯಿತು. ತಾರಸಿಯೂ ಸೋರಿತು. ಬೆಡ್‌ರೂಮಿಗೆ ಬಾಲ್ದಿ, ಅಡುಗೆಮನೆಗೆ ಇಡ್ಲಿ ಪಾತ್ರೆ. ಫೋನ್ ಮಾಡಿದರೆ ಆರ್ಕಿಟೆಕ್ಟ್ ಗಾಬರಿಯಾಗಲೇ ಇಲ್ಲ. ಪ್ಯಾರಿಸ್ ಹತ್ತಿರ ಹೆಸರಾಂತ ಆರ್ಕಿಟೆಕ್ಟ್ ಲೆ ಕಾರ್ಬೂಸಿಯೆ 1931ರಲ್ಲಿ ಮುಗಿಸಿದ ವಿಲ್ಲಾ ಸವೋಯ್ ಎಂಬ ಮನೆ ಕೂಡ ಸೋರುತ್ತಿತ್ತಂತೆ, ಮನೆಯೊಡತಿ ಪತ್ರದ ಮೇಲೆ ಪತ್ರ ಬರೆದಿದ್ದಳಂತೆ. ಜಗತ್ಪ್ರಸಿದ್ಧರ ಸಾಲಿಗೆ ಸೇರಿದೆವೆಂದು ಅಮ್ಮನಿಗೆ ತಿಳಿಸಿದೆ. ಅವರು ಬಾಲ್ದಿ ಬದಲಿಸುತ್ತಿದ್ದರು.

ಹಳೆಯ ಮನೆಯ ಸೂರು ಎಷ್ಟು ತಗ್ಗಿತ್ತೆಂದರೆ ತಹಸೀಲ್ದಾರರು ಬಂದರೂ ತಲೆ ಬಗ್ಗಿಸಬೇಕಿತ್ತು, ಮಳೆ ಜಗಲಿಯಾಚೆಗೇ ನಿಲ್ಲುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಲಾಗಾಯ್ತು ಈ ಕರಾವಳಿಯ ತಲೆ ಕಾಯ್ದ ಹಂಚು. ನಾನು ಅದನ್ನು ಮಾರಿದ್ದು ಬೆಂಗಳೂರು ಕಡೆಯ ರೆಸಾರ್ಟ್ ಒಂದಕ್ಕೆ.

ಈಗ ತಾರಸಿಯ ಮೇಲೆ ಇಳಿಜಾರು ತಗಡಿನ ಶೀಟು, ಗಾಜಿಗೆ ಅಡ್ಡ ಅಮ್ಮ ಕಟ್ಟಿಸಿದ ತೆಂಗಿನ ಮಡಲಿನ ತಟ್ಟಿ. ಕಳೆದ ಅಕ್ಟೋಬರಿನಲ್ಲಿ ಆರ್ಕಿಟೆಕ್ಟ್ ಹುಡುಗ ಕ್ಯಾಮೆರಾದವನೊಬ್ಬನನ್ನು ಕರೆತಂದ. ಗೇಟಿನಲ್ಲಿ ನಿಂತು ತಾನೇ ಕಟ್ಟಿದ ಮನೆ ಎಲ್ಲಿದೆ ಅಂತ ಹುಡುಕಿದ. "ಸಾರ್, ಒಂದೇ ಫೋಟೊ. ಆ ಶೀಟು ಬಿಚ್ಬಹುದಾ?" ಪಾಪ ಅನಿಸಿತು. ಏಣಿ ಕೊಟ್ಟೆ. ಸ್ಪ್ಯಾನರ್ ಹಿಡಿದು ತಾನೇ ಹತ್ತಿದ. ನಟ್ಟು, ಬೋಲ್ಟು ತುಕ್ಕು ಹಿಡಿದು ಒಂದೇ ಗಂಟಾಗಿದ್ದವು. ಕಾಲು ಗಂಟೆ ತಿರುಗಿಸಿದರೂ ಅಲುಗಲಿಲ್ಲ.

ಕೆಳಗಿನಿಂದ ಅಮ್ಮ ಕೂಗಿದರು: "ಹ್ಯಾಂಗೂ ಹತ್ತಿದ್ಯಲಾ ಮಗಾ, ಆ ಬದಿ ಬೋಲ್ಟ್ ಒಂದ್ ಸಡ್ಲ ಆಯ್ತ್, ಬಿಗಿ ಮಾಡಿ ಇಳಿ."