ನೀಲಿ ಕೋಟು, ಕೆಂಪು ತುರಾಯಿ, ಹಿಂದೆ ಕ್ರಾಮ್‌ವೆಲ್

ಲಂಡನ್ ಟ್ರಿಪ್ ಹೋದೋರೆಲ್ಲ ಹಾಕೋ ಫೋಟೋ ಒಂದಿದೆ ನೋಡಿ, ಹಾರ್ಸ್ ಗಾರ್ಡ್ಸ್ ಗೇಟ್ ಹತ್ರ ಕುದುರೆ ಮೇಲೆ ಅಲ್ಲಾಡದೆ ಕೂತಿರೋ ಸೈನಿಕ, ಪಕ್ಕದಲ್ಲಿ ನಮ್ಮೋರು ಹಲ್ಲು ಕಿರ್ಕೊಂಡು. ಕೆಂಪು ಕೋಟು ಬಿಳಿ ತುರಾಯಿ ಇದ್ರೆ ಅವ್ರು ಲೈಫ್ ಗಾರ್ಡ್ಸ್, ನೀಲಿ ಕೋಟು ಕೆಂಪು ತುರಾಯಿ ಇದ್ರೆ ಬ್ಲೂಸ್ ಅಂಡ್ ರಾಯಲ್ಸ್. ನನಗೆ ಇಂಟರೆಸ್ಟ್ ಇರೋದು ಈ ನೀಲಿಯವ್ರ ಮೇಲೆ. ರಾಜಭಕ್ತಿ ಅಂದ್ರೆ ಇವ್ರೇ ಅನ್ನೋ ಬಿಲ್ಡಪ್ ಇದೆಯಲ್ಲ, ಅದನ್ನ ಸ್ವಲ್ಪ ಕೆದಕಿದ್ರೆ ಮಜಾ ಇದೆ.

ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್ ತಲೆ ಉರುಳಿದ್ದು 1649ರಲ್ಲಿ. ಮಾರನೇ ವರ್ಷ, ಆ ರಾಜನ ವಿರುದ್ಧ ಹೋರಾಡಿ ಗೆದ್ದ ಕ್ರಾಮ್‌ವೆಲ್ ಆರ್ಡರ್ ಮೇಲೆ ಆರ್ಥರ್ ಹೆಸೆಲ್‌ರಿಗ್ ಅನ್ನೋನು ಕಟ್ಟಿದ ಕುದುರೆ ಪಡೆನೇ ಬ್ಲೂಸ್‌ನ ಮೂಲ! 1660ರಲ್ಲಿ ಆ ರಾಜನ ಮಗ ಎರಡನೇ ಚಾರ್ಲ್ಸ್ ವಾಪಸ್ ಬಂದು ಪಟ್ಟ ಏರಿದ, ಪಡೆ ಆಕ್ಸ್‌ಫರ್ಡ್ ಅರ್ಲ್ ಕೈಗೆ ಹೋಯ್ತು, ನೀಲಿ ಬಟ್ಟೆ ಹಾಕ್ಕೊಂಡು ಆಕ್ಸ್‌ಫರ್ಡ್ ಬ್ಲೂಸ್ ಆದ್ರು, ಹಳೇ ಲೆಕ್ಕ ಚುಕ್ತಾ. ಚುಕ್ತಾ ಅಂದ್ರೂ ಪೂರ್ತಿ ಅಲ್ಲ, ಹುಟ್ಟಿದ ವರ್ಷ ನೋಡಿದ್ರೆ ಲೈಫ್ ಗಾರ್ಡ್ಸ್‌ಗಿಂತ ಇವ್ರೇ ಹಳಬ್ರು, ಆದ್ರೆ ಸೀನಿಯಾರಿಟಿ ಲೈಫ್ ಗಾರ್ಡ್ಸ್‌ದೇ, ಯಾಕಂದ್ರೆ ಸರ್ವಿಸ್ ಲೆಕ್ಕ ಹಾಕೋದು ರಾಜನ ಕಡೆ ಸೇರಿದ ಮೇಲಿಂದ. ಸಂಬಳ ಕೊಡೋನು ಯಾರೋ ಅವನ ಕ್ಯಾಲೆಂಡರ್ರೇ ಕ್ಯಾಲೆಂಡರ್.

ಇನ್ನರ್ಧ, ಅಂದ್ರೆ ರಾಯಲ್ಸ್, ಶುರುವಾಗಿದ್ದು 1661ರಲ್ಲಿ, ಈಗಿನ ಮೊರಾಕೊದ ಟ್ಯಾಂಜಿಯರ್ ಊರು ಕಾಯೋಕೆ. ಎರಡನೇ ಚಾರ್ಲ್ಸ್ ಮದುವೆಯಾದ ಪೋರ್ಚುಗಲ್ ರಾಜಕುಮಾರಿ ಕ್ಯಾಥರಿನ್ ಜೊತೆ ವರದಕ್ಷಿಣೆಯಾಗಿ ಬಂದ ಊರದು. ಅದೇ ವರದಕ್ಷಿಣೆ ಪಟ್ಟಿಯಲ್ಲಿ ಇನ್ನೊಂದು ಊರೂ ಇತ್ತು, ನಮ್ಮ ಬಾಂಬೆ. ಟ್ಯಾಂಜಿಯರ್‌ನ 1684ರಲ್ಲಿ ಬಿಟ್ಟು ಹೋದ್ರು, ಬಾಂಬೆನ ಬಿಡ್ಲಿಲ್ಲ, ಮುಂದಿನ ಕಥೆ ಗೊತ್ತೇ ಇದೆ. ಬ್ಲೂಸ್, ರಾಯಲ್ಸ್ ಎರಡೂ ಒಂದಾಗಿದ್ದು 1969ರಲ್ಲಿ.

ಈ ರೆಜಿಮೆಂಟಿನೋರ ಎಡತೋಳಿನ ಮೇಲೆ ಒಂದು ಹದ್ದಿನ ಬ್ಯಾಡ್ಜ್ ಇರುತ್ತೆ. 1815ರ ವಾಟರ್‌ಲೂನಲ್ಲಿ ಫ್ರೆಂಚರ 105ನೇ ರೆಜಿಮೆಂಟಿನಿಂದ ರಾಯಲ್ಸ್ ಕಿತ್ಕೊಂಡ ಹದ್ದು ಅದು, ಅಂದ್ರೆ ನೆಪೋಲಿಯನ್ ದಂಡಿನ ಬಾವುಟದ ಕೋಲಿನ ತುದೀಲಿರೋ ಲೋಹದ ಹದ್ದು. ಕಿತ್ಕೊಂಡಿದ್ದು ಯಾರು ಅಂತ ಜಗಳ! ಕ್ಯಾಪ್ಟನ್ ಕೆನಡಿ ಕ್ಲಾರ್ಕ್ ನಾನೇ ಅಂದ, ಕಾರ್ಪೊರಲ್ ಸ್ಟೈಲ್ಸ್ ನಾನೇ ಅಂದ. ಹೊಗೆ, ಗದ್ದಲ, ಕುದುರೆ ಕಾಲ್ತುಳಿತದ ಮಧ್ಯೆ ಸಾಕ್ಷಿ ಹೇಳೋಕೆ ಯಾರಿಗೆ ಪುರುಸೊತ್ತು. ಸ್ಟೈಲ್ಸ್‌ಗೆ ಆಮೇಲೆ ಪ್ರಮೋಷನ್ ಕೊಟ್ಟು ಆಫೀಸರ್ ಮಾಡಿದ್ರು, ಅದೂ ದೂರದ ಕೆರಿಬಿಯನ್ ದ್ವೀಪಗಳ ವೆಸ್ಟ್ ಇಂಡಿಯಾ ರೆಜಿಮೆಂಟಿಗೆ. ನನಗೇನೋ ಇದು ಸನ್ಮಾನ ಮಾಡಿ ಸಾಗಹಾಕಿದ ಹಾಗೇ ಕಾಣುತ್ತೆ, ನೀವು ಏನಾದ್ರೂ ಅಂದ್ಕೊಳ್ಳಿ.

ಆ ಹೊತ್ತಿಗೆ ಬ್ಲೂಸ್‌ಗೆ ಕರ್ನಲ್ ಆಗಿದ್ದೋನು ವಾಟರ್‌ಲೂ ಗೆದ್ದ ವೆಲಿಂಗ್ಟನ್, 1813ರಿಂದ. ಅದೇ ಆರ್ಥರ್ ವೆಲ್ಲೆಸ್ಲಿ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಠಿಕಾಣಿ ಹೂಡಿದ್ದೋನು, 1800ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಧೋಂಡಿಯಾ ವಾಘನ ಬೆನ್ನಟ್ಟಿ ತಾನೇ ಮುಂದೆ ನಿಂತು ಕುದುರೆ ಪಡೆ ನುಗ್ಗಿಸಿ ಮುಗಿಸಿದೋನು. ಅಂದ್ರೆ ಕುದುರೆ ದಂಡು ನಡೆಸೋ ಪಾಠದಲ್ಲಿ ಅರ್ಧ ನಮ್ಮ ನೆಲದಲ್ಲೇ ಕಲಿತದ್ದು.

ಇನ್ನೊಂದು ತಮಾಷೆ, 1918ರಲ್ಲಿ ರಾಜನ ಈ ಖಾಸಾ ಕುದುರೆ ದಳದವ್ರನ್ನೇ ಕುದುರೆಯಿಂದ ಇಳಿಸಿ ಮೆಷಿನ್‌ಗನ್ ಕೊಟ್ರು. ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾ ಊರನ್ನ ಕುದುರೆ ಮೇಲೆ ನುಗ್ಗಿ ಗೆದ್ದಿದ್ದು ಜೋಧ್‌ಪುರದವ್ರು ಮತ್ತು ನಮ್ಮ ಮೈಸೂರು ಲ್ಯಾನ್ಸರ್ಸ್. ಹಾರ್ಸ್ ಗಾರ್ಡ್ಸ್ ಮುಂದೆ ಸೆಲ್ಫಿ ತಗೊಳ್ಳೋರು ದೆಹಲಿ ತೀನ್ ಮೂರ್ತಿ ಮುಂದೆಯೂ ಒಂದು ತಗೊಳ್ಳಿ ಮಾರಾಯ್ರೆ, ಈ ಯುದ್ಧಕ್ಕೆ ಹೋದ ಸಂಸ್ಥಾನಗಳ ಲ್ಯಾನ್ಸರ್ಸ್ ನೆನಪಿನ ಆ ಮೂರು ಪ್ರತಿಮೆಗಳಲ್ಲಿ ಮೈಸೂರಿನ ಪಾಲೂ ಇದೆ.

ಆದ್ರೂ ಇವ್ರನ್ನ ಬರೀ ಶೋಪೀಸ್ ಅನ್ನೋಕೆ ನನಗೆ ಮನಸ್ಸು ಬರಲ್ಲ. 1982ರಲ್ಲಿ ಇದೇ ರೆಜಿಮೆಂಟಿನ ಎರಡು ಟ್ರೂಪ್ (ಸಣ್ಣ ತುಕಡಿ) ಅರ್ಜೆಂಟೀನಾ ವಿರುದ್ಧದ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಹೋಯ್ತು, ಕೆಸರು ನೆಲದಲ್ಲಿ ಪುಟ್ಟ ಪುಟ್ಟ ಟ್ಯಾಂಕ್ ಓಡಿಸ್ಕೊಂಡು, ಒಬ್ರೂ ಸಾಯ್ಲಿಲ್ಲ. ಜೂನ್ 14ಕ್ಕೆ ಯುದ್ಧ ಮುಗೀತು. ಜುಲೈ 20ಕ್ಕೆ ಲಂಡನ್ನಿನ ಹೈಡ್ ಪಾರ್ಕ್ ಪಕ್ಕ, ಬೆಳಗಿನ ಡ್ಯೂಟಿಗೆ ಹೊರಟಿದ್ದ ಇದೇ ರೆಜಿಮೆಂಟಿನ ಕುದುರೆ ಸಾಲಿನ ಪಕ್ಕ, ಐರಿಶ್ ಬಂಡುಕೋರ ಸಂಘಟನೆ ಐಆರ್‌ಎ ಇಟ್ಟಿದ್ದ ಕಾರ್ ಬಾಂಬ್ ಸಿಡೀತು, ಮೊಳೆ ತುಂಬಿದ್ದ ಬಾಂಬ್. ನಾಲ್ಕು ಸೈನಿಕರು, ಏಳು ಕುದುರೆ ಹೋದ್ವು. ಸೆಫ್ಟನ್ ಅನ್ನೋ ಕುದುರೆಗೆ 34 ಗಾಯ, ಕುತ್ತಿಗೆಯಿಂದ ರಕ್ತ ಚಿಮ್ತಿದ್ರೆ ಅಂಗಿ ಬಿಚ್ಚಿ ಒತ್ತಿ ಹಿಡಿದು ಉಳಿಸ್ಕೊಂಡ್ರು, ಅದು ಡ್ಯೂಟಿಗೂ ವಾಪಸ್ ಬಂತು, ಆ ವರ್ಷದ ಕುದುರೆ ಅಂತ ಅವಾರ್ಡೂ ತಗೊಳ್ತು. ಸೆಫ್ಟನ್ ಹೆಸರು ಇವತ್ತಿಗೂ ಫೇಮಸ್, ಬೇಡ ಅನ್ನಲ್ಲ, ಪಾಪದ ಪ್ರಾಣಿ. ಸತ್ತ ಆ ನಾಲ್ಕು ಜನರ ಹೆಸರು ಮಾತ್ರ ಲಂಡನ್ನಲ್ಲೇ ಕೇಳಿದ್ರೂ ಹೇಳೋರು ಕಮ್ಮಿ ಅಂತ ನನ್ನ ಅನುಮಾನ.