ಕರ್ಬಲಾದಿಂದ ನೇರವಾಗಿ 1979ಕ್ಕೆ

ನಿನ್ನೆ ಒಂದು ವಿಚಾರ ಸಂಕಿರಣಕ್ಕೆ ಹೋಗಿ ರಕ್ತದೊತ್ತಡ ಏರಿಸಿಕೊಂಡು ಬಂದಿದ್ದೇನೆ. ಕಾಲೇಜಿನ ಹೆಸರು ಬೇಡ, ಊಟ ಚೆನ್ನಾಗಿ ಹಾಕಿದರು. ವಿಷಯ 'ಇಸ್ಲಾಮಿಕ್ ದೇಶಗಳ ಇತಿಹಾಸ ಮತ್ತು ರಾಜಕೀಯ ಸಂಸ್ಥೆಗಳು'. ಸಂಪನ್ಮೂಲ ವ್ಯಕ್ತಿಗಳು ಪರದೆಯ ಮೇಲೆ ಭೂಪಟ ತೋರಿಸಿದರು. ಮೊರಾಕೊದಿಂದ ಇಂಡೋನೇಷ್ಯಾದವರೆಗೆ ಒಂದೇ ಹಸಿರು ಬಳಿದಿತ್ತು. ಆಮೇಲೆ ಮದೀನಾ, ಖಲೀಫರು, 680ರಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನ್ ಹತರಾದ ಕರ್ಬಲಾ. ಮುಂದಿನ ಸ್ಲೈಡಿನಲ್ಲಿ 1979, ಇರಾನಿನ ಕ್ರಾಂತಿಯ ನಾಯಕ ಖೊಮೇನಿ, ವಿಮಾನದ ಮೆಟ್ಟಿಲು! ನಡುವಿನ ಸಾವಿರದ ಮುನ್ನೂರು ವರ್ಷ ಎಲ್ಲಿ ಹೋದವೋ ಯಾರಿಗೂ ಗೊತ್ತಾಗಲಿಲ್ಲ. "ಈ ದೇಶಗಳಿಗೆ ಸಂಸತ್ತಿನ ಪರಂಪರೆಯೇ ಇಲ್ಲ" ಎಂದು ಸಾರಿ, ಅವರು ನೆಮ್ಮದಿಯಾಗಿ ನೀರು ಕುಡಿದರು.

ನನ್ನನ್ನು ಬಲ್ಲವರಿಗೆ ಗೊತ್ತು, ಇರಾನ್ ಎಂಬ ಮಾತು ಕಿವಿಗೆ ಬಿದ್ದರೆ ನಾನು ಸುಮ್ಮನಿರುವವಳಲ್ಲ. ಅಲ್ಲಿ ಅಧ್ಯಕ್ಷರು ಸಮಯವಿಲ್ಲ ಎಂದು ಸುಮ್ಮನಾಗಿಸಿದರು. ಇಲ್ಲಿ ಯಾವ ಅಧ್ಯಕ್ಷರೂ ಇಲ್ಲ.

1905ರ ಡಿಸೆಂಬರ್. ಟೆಹರಾನಿನಲ್ಲಿ ಸಕ್ಕರೆ ಬೆಲೆ ಏರುತ್ತದೆ. ರಾಜ್ಯಪಾಲ ಸಕ್ಕರೆ ವ್ಯಾಪಾರಿಗಳನ್ನು ಹಿಡಿದು ತಂದು ಅಂಗಾಲಿಗೆ ಹೊಡೆಸುತ್ತಾನೆ. ಬಜಾರಿನ ಬಾಗಿಲು ಮುಚ್ಚುತ್ತದೆ. ಮುಂದಿನ ಬೇಸಿಗೆಯಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಬ್ರಿಟಿಷ್ ದೂತಾವಾಸದ ತೋಟಕ್ಕೆ ನುಗ್ಗಿ ಆಶ್ರಯ ಪಡೆಯುತ್ತಾರೆ. ಒಂದೊಂದು ಕಸುಬಿನವರದು ಒಂದೊಂದು ಡೇರೆ. ದೊಡ್ಡ ದೊಡ್ಡ ಹಂಡೆಗಳಲ್ಲಿ ಅಡುಗೆ ಬೇಯುತ್ತಿದ್ದರೆ ಪಕ್ಕದಲ್ಲೇ ವಿದ್ಯಾರ್ಥಿಗಳು ಸಂವಿಧಾನ ಎಂದರೇನು ಎಂದು ಭಾಷಣ ಮಾಡುತ್ತಾರೆ. ನ್ಯಾಯಾಲಯ ಕೊಡಿ ಎಂದು ಶುರುವಾದ ಬೇಡಿಕೆ ಸಂಸತ್ತು ಕೊಡಿ ಎಂಬಲ್ಲಿಗೆ ಬಂದು ನಿಲ್ಲುತ್ತದೆ. 1906ರ ಆಗಸ್ಟಿನಲ್ಲಿ ದೊರೆ ಮುಜಫ್ಫರುದ್ದೀನ್ ಶಾ ಒಪ್ಪುತ್ತಾರೆ, ಅಕ್ಟೋಬರಿನಲ್ಲಿ ಮಜ್ಲಿಸ್, ಅಂದರೆ ಸಂಸತ್ತು, ಸೇರುತ್ತದೆ, ವರ್ಷದ ಕೊನೆಗೆ ಸಂವಿಧಾನಕ್ಕೆ ಸಹಿ ಬೀಳುತ್ತದೆ. ಸಹಿ ಹಾಕಿದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ನಮ್ಮ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ, ಇರಲೇಬೇಕು. ರಂಗಾಚಾರ್ಲು ಅವರು 1881ರಲ್ಲಿ ಅದನ್ನು ಶುರು ಮಾಡಿದರು. ಆದರೆ ಆ ಸಭೆ ಅಹವಾಲು ಹೇಳಿಕೊಳ್ಳಬಹುದಿತ್ತೇ ಹೊರತು ಕಾನೂನು ಮಾಡುವಂತಿರಲಿಲ್ಲ. ಟೆಹರಾನಿನ ಮೊದಲ ಮಜ್ಲಿಸ್ ಸೇರಿದ ಕೆಲವೇ ವಾರಗಳಲ್ಲಿ ಬ್ರಿಟನ್ ಮತ್ತು ರಷ್ಯಾ ಕೊಡಲು ಬಂದ ಸಾಲವನ್ನೇ ಬೇಡವೆಂದಿತು. ಪರಂಪರೆ ಇಲ್ಲವಂತೆ!

ಇನ್ನೊಂದು ಮಾತನ್ನು ನಿನ್ನೆ ಎದ್ದು ನಿಂತು ಹೇಳಬೇಕೆಂದಿದ್ದೆ. ಸಂವಿಧಾನಕ್ಕಾಗಿ ಜನರನ್ನು ಮುನ್ನಡೆಸಿದವರಲ್ಲಿ ಬೆಹ್ಬಹಾನಿ, ತಬಾತಬಾಯಿ ಎಂಬ ಇಬ್ಬರು ಮುಜ್ತಹಿದರು, ಅಂದರೆ ಹಿರಿಯ ಧರ್ಮಶಾಸ್ತ್ರಜ್ಞರು, ಇದ್ದರು. ಅದನ್ನು ಮುರಿಯಲು ನಿಂತ ಶೇಖ್ ಫಜ್ಲುಲ್ಲಾ ನೂರಿ ಕೂಡ ಮುಜ್ತಹಿದರೇ. 1909ರಲ್ಲಿ ಸಂವಿಧಾನವಾದಿಗಳು ಗೆದ್ದಾಗ ನೂರಿಯವರನ್ನು ಗಲ್ಲಿಗೇರಿಸಿದರು. ಅದೇ ವರ್ಷ ಈಗಿನ ಇರಾಕಿನ ನಜಫ್‌ನಲ್ಲಿ ಕುಳಿತು ನಾಯಿನಿ ಎಂಬ ವಿದ್ವಾಂಸರು ಧರ್ಮಶಾಸ್ತ್ರದ ಆಧಾರದ ಮೇಲೆಯೇ ಸಂವಿಧಾನವನ್ನು ಸಮರ್ಥಿಸಿದರು. ಮುಲ್ಲಾಗಳು ಒಂದು ಕಡೆ, ಪ್ರಜಾಪ್ರಭುತ್ವ ಇನ್ನೊಂದು ಕಡೆ ಎಂದು ಗೆರೆ ಎಳೆದು ಕೂತರೆ ಇದನ್ನೆಲ್ಲ ಯಾವ ಕಡೆಗೆ ಹಾಕುತ್ತೀರಿ ಸ್ವಾಮಿ?

ಸೋತರೂ ನೂರಿಯವರು ಒಂದನ್ನು ಗಿಟ್ಟಿಸಿಕೊಂಡಿದ್ದರು. ಸಂವಿಧಾನಕ್ಕೆ 1907ರಲ್ಲಿ ಸೇರಿಸಿದ ಪೂರಕ ಶಾಸನದ ಎರಡನೆಯ ವಿಧಿ. ಮಜ್ಲಿಸ್ ಮಾಡುವ ಕಾನೂನು ಧರ್ಮಕ್ಕೆ ವಿರುದ್ಧವಾಗಿದೆಯೇ ಎಂದು ನೋಡಲು ಕನಿಷ್ಠ ಐವರು ಮುಜ್ತಹಿದರ ಸಮಿತಿ ಇರಬೇಕು ಎನ್ನುತ್ತದೆ ಅದು. ಹೆಚ್ಚೂಕಡಿಮೆ ಕಾಗದದ ಮೇಲೆಯೇ ಉಳಿದ ವಿಧಿ. 1979ರ ಸಂವಿಧಾನದ ತೊಂಬತ್ತೊಂದನೆಯ ವಿಧಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಹನ್ನೆರಡು ಜನರ ರಕ್ಷಕ ಮಂಡಳಿ: ಆರು ಮಂದಿ ಧರ್ಮಶಾಸ್ತ್ರಜ್ಞರನ್ನು ಸರ್ವೋಚ್ಚ ನಾಯಕರು ನೇಮಿಸುತ್ತಾರೆ, ಇನ್ನಾರು ಮಂದಿ ಕಾನೂನು ತಜ್ಞರನ್ನು ನ್ಯಾಯಾಂಗದ ಮುಖ್ಯಸ್ಥರು ಸೂಚಿಸಿದವರಲ್ಲಿ ಮಜ್ಲಿಸ್ ಆರಿಸುತ್ತದೆ. ಆ ನ್ಯಾಯಾಂಗದ ಮುಖ್ಯಸ್ಥರನ್ನು ನೇಮಿಸುವವರು ಯಾರು? ಮತ್ತೆ ಅದೇ ನಾಯಕರು. ಈ ಮಂಡಳಿ ಕಾನೂನನ್ನಷ್ಟೇ ಅಲ್ಲ, ಚುನಾವಣೆಗೆ ಯಾರು ನಿಲ್ಲಬಹುದು ಎಂಬುದನ್ನೂ ಜರಡಿ ಹಿಡಿಯುತ್ತದೆ. 2013ರಲ್ಲಿ ಮಾಜಿ ಅಧ್ಯಕ್ಷ ರಫ್ಸಂಜಾನಿಯವರನ್ನೇ ಕಣದಿಂದ ಹೊರಗಿಟ್ಟರು. 2016ರಲ್ಲಿ ಸರ್ವೋಚ್ಚ ನಾಯಕರನ್ನು ಆರಿಸುವ ತಜ್ಞರ ಸಭೆಯ ಚುನಾವಣೆಗೆ ಹೊರಟ ಖೊಮೇನಿಯವರ ಮೊಮ್ಮಗ ಹಸನ್ ಖೊಮೇನಿಗೂ ಅವಕಾಶ ಸಿಗಲಿಲ್ಲ. ಇದು ಏಳನೆಯ ಶತಮಾನದಿಂದ ಇಳಿದು ಬಂದದ್ದಲ್ಲ, ಇಪ್ಪತ್ತನೆಯ ಶತಮಾನದ ಒಂದು ಜಗಳದಲ್ಲಿ ಹುಟ್ಟಿದ್ದು. 1979ರ ಮೊದಲ ಕರಡಿನಲ್ಲಂತೂ ಧರ್ಮಶಾಸ್ತ್ರಜ್ಞರ ಆಳ್ವಿಕೆಯ ಪ್ರಸ್ತಾಪವೇ ಇರಲಿಲ್ಲ. ಕರಡನ್ನು ಪರಿಶೀಲಿಸಲು ಚುನಾಯಿತವಾದ ಸಭೆಯಲ್ಲಿ ಅದನ್ನು ಸೇರಿಸಿದರು.

ಈ ಬಗೆಯ ವಿವರ ಸ್ಲೈಡಿನಲ್ಲಿ ಹಿಡಿಸುವುದಿಲ್ಲ ಎಂದು ಗೊತ್ತು. ಹಿಡಿಸದಿದ್ದರೆ ಭೂಪಟವನ್ನು ಚಿಕ್ಕದು ಮಾಡಬೇಕು. ಒಂದು ದೇಶ ಸಾಕು. ಅದೇ ಹಸಿರಿನೊಳಗೆ ಇಂಡೋನೇಷ್ಯಾ 1945ರಲ್ಲಿ ಮುಸ್ಲಿಮರಿಗೆ ಷರಿಯತ್ ಕಡ್ಡಾಯವೆಂಬ ಮಾತನ್ನು ಸಂವಿಧಾನದ ಪೀಠಿಕೆಯಿಂದ ಕೊನೆಯ ಗಳಿಗೆಯಲ್ಲಿ ತೆಗೆದುಹಾಕಿದೆ. ಟರ್ಕಿ 1924ರಲ್ಲಿ ಖಲೀಫ ಪದವಿಯನ್ನೇ ರದ್ದು ಮಾಡಿದೆ. ಸೌದಿ ಅರೇಬಿಯಾದಲ್ಲಿ ಚುನಾಯಿತ ಸಂಸತ್ತು ಇಲ್ಲವೇ ಇಲ್ಲ, ದೊರೆ ನೇಮಿಸುವ ಶೂರಾ, ಅಂದರೆ ಸಲಹಾ, ಮಂಡಳಿ ಇದೆ. ಇವುಗಳನ್ನೆಲ್ಲ ಒಂದು ಅಧ್ಯಾಯಕ್ಕೆ ತುರುಕುವವರು ಇಂಗ್ಲೆಂಡ್, ಫ್ರಾನ್ಸ್, ಅಮೆರಿಕಗಳನ್ನು 'ಕ್ರೈಸ್ತ ದೇಶಗಳ ರಾಜಕೀಯ ಸಂಸ್ಥೆಗಳು' ಎಂದು ಒಂದೇ ಗಂಟೆಯಲ್ಲಿ ಮುಗಿಸಲಿ ನೋಡೋಣ.

ಧರ್ಮಕ್ಕೆ ಪಾತ್ರವೇ ಇಲ್ಲವೇ, ಆ ದೇಶಗಳೇ ಸಂವಿಧಾನದಲ್ಲಿ ಇಸ್ಲಾಂ ಎಂದು ಬರೆದುಕೊಂಡಿಲ್ಲವೇ ಎಂದು ಕೇಳುವಿರಿ. ಬರೆದುಕೊಂಡಿವೆ. ಹಾಗಾದರೆ ಬರೆದುಕೊಂಡದ್ದನ್ನು ಓದಿ! ಯಾವ ವಿಧಿ, ಯಾರು ಸೇರಿಸಿದರು, ಯಾರು ವಿರೋಧಿಸಿದರು. ಅಷ್ಟೇ ನಾನು ಕೇಳುತ್ತಿರುವುದು. ಓದದೆ ಪಾತ್ರ ಹಂಚುವುದಕ್ಕೆ ವಿಶ್ವವಿದ್ಯಾಲಯ ಏಕೆ, ಟಿವಿ ಸಾಕು.

ನನ್ನ ಸಿಟ್ಟಿಗೆ ಇನ್ನೊಂದು ಬೇರು ಇದೆ, ಹೇಳಿಬಿಡುತ್ತೇನೆ. ಎಂ.ಎ.ಯಲ್ಲಿ ಪಶ್ಚಿಮ ಏಷ್ಯಾ ಆರಿಸಿಕೊಂಡಾಗ ನಮ್ಮ ಸೋದರಮಾವ "ಬೇರೆ ವಿಷಯ ಸಿಗಲಿಲ್ಲವೇನಮ್ಮ?" ಎಂದಿದ್ದರು. ಅವರನ್ನು ಕ್ಷಮಿಸಿದ್ದೇನೆ. ಆದರೆ ಸಹೋದ್ಯೋಗಿಗಳು ಈಗಲೂ ಕೇಳುತ್ತಾರೆ, "ಮೇಡಂ, ನೀವು ಅವರ ಪರವೋ?" ಸ್ವಿಟ್ಜರ್ಲೆಂಡಿನ ಸಂವಿಧಾನ ಪಾಠ ಮಾಡುವವರನ್ನು ಯಾರೂ ಸ್ವಿಸ್ ಪರವೋ ಎಂದು ವಿಚಾರಿಸುವುದಿಲ್ಲ. ಅಂದಹಾಗೆ, ನಾವು ಮಾದರಿಯೆಂದು ಓದಿಸುವ ಆ ಸ್ವಿಟ್ಜರ್ಲೆಂಡಿನಲ್ಲಿ ಮಹಿಳೆಯರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಸಿಕ್ಕಿದ್ದು 1971ರಲ್ಲಿ. ಟರ್ಕಿಯಲ್ಲಿ 1934, ಇರಾನಿನಲ್ಲಿ 1963. ಶಾ ಕಾಲದ ಚುನಾವಣೆಗೆ ಏನು ಬೆಲೆ ಇತ್ತು ಎಂಬುದು ಬೇರೆ ಪ್ರಶ್ನೆ, ಅದನ್ನೂ ತರಗತಿಯಲ್ಲಿ ಹೇಳುತ್ತೇನೆ. ಹಾಗೆಂದು ಬೆನ್ನು ತಟ್ಟಲು ಬರುವ ಇನ್ನೊಂದು ಪಂಗಡದವರೂ ನನಗೆ ಬೇಡ. ಬಾಗ್ದಾದಿನ ಸುವರ್ಣಯುಗದ ಬಗ್ಗೆ ಕಣ್ಣು ಅರಳಿಸಿಕೊಂಡು ಮಾತನಾಡುವವರು ರಕ್ಷಕ ಮಂಡಳಿಯ ಹೆಸರೆತ್ತಿದರೆ ಮೊಬೈಲ್ ನೋಡಲು ಶುರು ಮಾಡುತ್ತಾರೆ. ಅವರ ಭೂಪಟವೂ ಒಂದೇ ಹಸಿರು, ಬಣ್ಣದ ಗುಣಗಾನ ಮಾತ್ರ ಬೇರೆ.

"ಏನೇ ಹೇಳಿ, ಆ ಸಂಸತ್ತು ಉಳಿಯಲಿಲ್ಲವಲ್ಲ" ಎಂದು ಊಟದ ಸಾಲಿನಲ್ಲಿ ಒಬ್ಬ ಹಿರಿಯರು ನಕ್ಕರು. ಉಳಿಯಲಿಲ್ಲ ನಿಜ. 1908ರಲ್ಲಿ ಹೊಸ ಶಾ ರಷ್ಯನ್ ಅಧಿಕಾರಿಗಳ ಕೈಕೆಳಗಿದ್ದ ಕೊಸಾಕ್ ಪಡೆಯಿಂದ ಮಜ್ಲಿಸ್ ಕಟ್ಟಡಕ್ಕೆ ಫಿರಂಗಿ ಹಾರಿಸಿದರು. 1911ರಲ್ಲಿ ರಷ್ಯಾದ ಬೆದರಿಕೆಯ ನೆರಳಿನಲ್ಲಿ ಅದನ್ನು ಮುಚ್ಚಿಸಿದರು. ತೈಲವನ್ನು ರಾಷ್ಟ್ರೀಕರಿಸಿದ ಪ್ರಧಾನಿ ಮೊಸದ್ದೆಕ್ ಅವರನ್ನು 1953ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗೂಢಚಾರ ಸಂಸ್ಥೆಗಳು ಶಾ ಜೊತೆ ಸೇರಿ ಉರುಳಿಸಿದವು. ಮತ್ತೆ ಮತ್ತೆ ಕೆಡವಿದ್ದನ್ನು ಎಂದೂ ಕಟ್ಟಿಯೇ ಇರಲಿಲ್ಲ ಎನ್ನುವುದು ಯಾವ ಸೀಮೆಯ ಇತಿಹಾಸ?

ಕಮೆಂಟಿನಲ್ಲಿ ಹಿಜಾಬಿನ ಪ್ರಶ್ನೆ ಬರುತ್ತದೆ ಎಂದು ಬಲ್ಲೆ. 1936ರಲ್ಲಿ ರೆಜಾ ಶಾ ಪರದೆಯನ್ನು ನಿಷೇಧಿಸಿದಾಗ ಪೊಲೀಸರು ಬೀದಿಯಲ್ಲಿ ಹೆಂಗಸರ ಚಾದರ್ ಕಿತ್ತರು. 1983ರ ಕಾನೂನು ತಲೆ ಮುಚ್ಚದವರಿಗೆ ಚಡಿ ಏಟಿನ ಶಿಕ್ಷೆ ಇಟ್ಟಿತು. ಎರಡನ್ನೂ ಓದಿಕೊಂಡು ಬಂದವರ ಜೊತೆ ರಾತ್ರಿಯಿಡೀ ಬೇಕಾದರೂ ಮಾತನಾಡುತ್ತೇನೆ. ಒಂದನ್ನು ಮಾತ್ರ ಓದಿ ಬಂದವರಿಗೆ ಉತ್ತರಿಸುವ ತಾಳ್ಮೆ ಇವತ್ತು ನನಗಿಲ್ಲ.